ಮಂದಿ ಮಾಳಗಿ

ಅವ್ವನನ್ನು ನಾವು ಮಂಚದಿಂದ ಕೆಳಗೆ ಇಳಿಸಿದ್ದು ಎರಡು ಸಲ. ಮೊದಲನೆಯ ಸಲ ಇಳಿಸಿದ್ದು ತಪ್ಪಾಯಿತು. ಜೀವ ಹೋಗುವ ಹೊತ್ತಿಗೆ ಮನುಷ್ಯ ಮಂಚದ ಮೇಲಿರಬಾರದು, ನೆಲದ ಮೇಲಿರಬೇಕು ಎನ್ನುವುದು ನಮ್ಮ ಕಡೆಯ ರೂಢಿ. ಉಸಿರಿನ ಧಾಟಿ ಬದಲಾದದ್ದು ಕಂಡರೆ ಮನೆಯವರು ಹಾಸಿಗೆ ಸಮೇತ ಎತ್ತಿ ಕೆಳಗೆ ಮಲಗಿಸುತ್ತಾರೆ, ಬಾಯಿಗೆ ನೀರು ಬಿಡುತ್ತಾರೆ, ಆಮೇಲೆ ಊರಿಗೆ ಫೋನು ಹಚ್ಚುತ್ತಾರೆ. ಇದಕ್ಕೆ ಸರಿಯಾದ ಹೊತ್ತು ಯಾವುದೆಂದು ಯಾರೂ ಯಾರಿಗೂ ಕಲಿಸಿರುವುದಿಲ್ಲ. ಬೇಗ ಇಳಿಸಿದರೆ ಅವಸರದವರು, ತಡ ಮಾಡಿದರೆ ಪಾಪಿಗಳು. ಅಣ್ಣ, ಅಕ್ಕ, ನಾನು ಮೂವರೂ ಅವಸರದವರಾದೆವು.

ಮನೆ ನನ್ನದು. ಪುಣೆಯ ಬಿಬವೇವಾಡಿಯಲ್ಲಿ, ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ, ಮೂರನೇ ಮಹಡಿ. ಒಂದು ಹಾಲ್, ಒಂದು ಮಲಗುವ ಕೋಣೆ, ಒಬ್ಬರು ನಿಂತರೆ ಇನ್ನೊಬ್ಬರು ಹೊರಗೆ ಬರಬೇಕಾದಂಥ ಅಡುಗೆಮನೆ. ಮದುವೆಯಾಗದೆ ಉಳಿದವಳು ನಾನು. ಯಾಕೆ ಎಂದು ಕೇಳುವವರು ಈಗ ಕಡಿಮೆಯಾಗಿದ್ದಾರೆ, ಅದೊಂದು ಸುಖ. ಮುಖ್ಯ ರಸ್ತೆಯ ಟೈಲ್ಸ್ ಅಂಗಡಿಯೊಂದರಲ್ಲಿ ಗಿರಾಕಿಗಳಿಗೆ ಮಾಲು ತೋರಿಸುವ ಕೆಲಸ ನನ್ನದು. ಹಾಗಾಗಿ ಈ ಮನೆಗೆ ಬಂದಾಗ ಮೊದಲು ಮಾಡಿದ್ದು ಹಳೆಯ ನೆಲ ಕಿತ್ತು ಹಾಕಿಸಿದ್ದು. ತಿಳಿ ಬೂದು ಬಣ್ಣದ, ಮುಖ ಕಾಣುವಷ್ಟು ಹೊಳೆಯುವ ದೊಡ್ಡ ಟೈಲ್ಸ್ ಕೂರಿಸಿದೆ. ಕಲೆ ಕೂರುವುದಿಲ್ಲ, ಗೀರು ಬೀಳುವುದಿಲ್ಲ ಎಂದು ಗಿರಾಕಿಗಳಿಗೆ ಹೇಳಿ ಹೇಳಿ ನಾನೇ ನಂಬಿಬಿಟ್ಟಿದ್ದೆ. ನನ್ನ ಜೊತೆಗೇ ಇದ್ದ ಅವ್ವ ಮಾತ್ರ ಆ ನೆಲದ ಮೇಲೆ ಕೆಸರಿನಲ್ಲಿ ನಡೆಯುವವರ ಹಾಗೆ ಹೆಜ್ಜೆ ಒತ್ತಿ ಒತ್ತಿ ನಡೆಯುತ್ತಿದ್ದಳು. ಕೂರಬೇಕಾದರೆ ಮೊದಲು ಕೌದಿ ಹಾಸಿಕೊಳ್ಳುತ್ತಿದ್ದಳು. ಇಷ್ಟು ಚೆಂದದ ನೆಲವನ್ನು ಕೌದಿಯಿಂದ ಮುಚ್ಚುತ್ತಾಳಲ್ಲ ಎಂದು ನನಗೆ ಮೈ ಉರಿಯುತ್ತಿತ್ತು.

ಅಪ್ಪ, ಅವ್ವ ಯಾದಗಿರಿ ಕಡೆಯ ಹಳ್ಳಿಯಿಂದ ಪುಣೆಗೆ ಬಂದದ್ದು ಕಟ್ಟಡದ ಕೆಲಸಕ್ಕೆ. ಅಪ್ಪ ಸೆಂಟ್ರಿಂಗ್ ಹಲಗೆ ಬಡಿಯುತ್ತಿದ್ದ, ಅವ್ವ ತಲೆಯ ಮೇಲೆ ಸಿಂಬೆ ಇಟ್ಟುಕೊಂಡು ಮಣ್ಣು, ಖಡಿ, ಕಾಂಕ್ರೀಟು ಹೊರುತ್ತಿದ್ದಳು. ಕಟ್ಟಡದ ಪಕ್ಕದಲ್ಲೇ ತಗಡಿನ ಶೆಡ್ಡು, ಅದೇ ಮನೆ. ಕಟ್ಟಡಕ್ಕೆ ಬಣ್ಣ ಬಂದ ಕೂಡಲೇ ನಮ್ಮ ಶೆಡ್ಡು ಏಳುತ್ತಿತ್ತು, ಇನ್ನೊಂದು ಪಾಯದ ಪಕ್ಕ ಹೋಗಿ ಕೂರುತ್ತಿತ್ತು. ಅಣ್ಣ, ಅಕ್ಕ, ನಾನು ಬೇರೆ ಬೇರೆ ಶೆಡ್ಡುಗಳಲ್ಲಿ ಹುಟ್ಟಿದವರು. ಅಣ್ಣ ಹುಟ್ಟಿದ ಜಾಗದಲ್ಲಿ ಈಗ ಕಾರು ನಿಲ್ಲಿಸುತ್ತಾರೆ. ಒಮ್ಮೆ ಅವನು ಹೋಗಿ ನೋಡಿ ಬಂದಿದ್ದ, ಕಾವಲುಗಾರ ಒಳಗೆ ಬಿಡಲಿಲ್ಲವಂತೆ.

ಅಪ್ಪ ತೀರಿಕೊಂಡದ್ದು ಆಸ್ಪತ್ರೆಯ ಕಬ್ಬಿಣದ ಮಂಚದ ಮೇಲೆ. ಆ ಹೊತ್ತಿಗೆ ನಾವೆಲ್ಲ ಕೆಳಗೆ ಚಹಾ ಕುಡಿಯಲು ಹೋಗಿದ್ದೆವು. ನರ್ಸು ಬಂದು ಕರೆದಾಗ ಎಲ್ಲ ಮುಗಿದಿತ್ತು. ಅವ್ವ ಅತ್ತದ್ದು ಕಡಿಮೆ. ಆದರೆ ಆಮೇಲೆ ಎಷ್ಟೋ ವರ್ಷಗಳ ತನಕ, ರೊಟ್ಟಿ ಬಡಿಯುತ್ತಲೋ ಅಕ್ಕಿ ಆರಿಸುತ್ತಲೋ ಇದ್ದಾಗ, ಯಾರೂ ಕೇಳದಿದ್ದರೂ ಒಂದೇ ಮಾತು ಹೇಳುತ್ತಿದ್ದಳು.

"ಅವರಿಗಿ ನೆಲ ಸಿಗಲಿಲ್ಲ ನೋಡು. ಅಂತರದಾಗ ಹೋದ್ರು. ನನಗ ಹಂಗ ಮಾಡಬ್ಯಾಡ್ರಿ."

ಮಾಡುವುದಿಲ್ಲ ಎಂದು ನಾನು ಮಾತು ಕೊಟ್ಟಿದ್ದೆ. ಅಣ್ಣ, ಅಕ್ಕನಿಂದಲೂ ಬೇರೆ ಬೇರೆಯಾಗಿ ಮಾತು ತೆಗೆದುಕೊಂಡಿದ್ದಾಳೆ ಎಂದು ನಮಗೆ ತಿಳಿದದ್ದು ಆಮೇಲೆ. ಒಬ್ಬರ ಮೇಲೆ ಭರವಸೆ ಇಟ್ಟು ಕೂರುವ ಹೆಂಗಸಲ್ಲ ಅವಳು.

ಹೋದ ವರ್ಷ ಅವಳ ಎರಡೂ ಕಿಡ್ನಿಗಳು ಕೈಬಿಟ್ಟವು. ರಕ್ತ ತೊಳೆಯುವ ಯಂತ್ರಕ್ಕೆ ಕೂಡಿಸಲು ಹೋದರೆ ಅವ್ವ ಕೈ ಚಾಚಲೇ ಇಲ್ಲ. ಡಾಕ್ಟರು ನನ್ನನ್ನು ಹೊರಗೆ ಕರೆದು ಮರಾಠಿಯಲ್ಲಿ, ಮನೆಗೆ ಕರೆದುಕೊಂಡು ಹೋಗಿ, ಇಷ್ಟವಾದದ್ದು ತಿನ್ನಿಸಿ ಎಂದರು. ಡಾಕ್ಟರು ಪಥ್ಯ ಬಿಡಿಸಿದರೆ ಏನರ್ಥ ಎಂದು ಎಲ್ಲರಿಗೂ ಗೊತ್ತು. ಅವತ್ತೇ ಇಬ್ಬರಿಗೂ ಫೋನು ಮಾಡಿದೆ. ಅಣ್ಣ ಚಾಕಣದಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿದ್ದಾನೆ, ರಜೆ ಹಾಕಿ ಬಂದ. ಅಕ್ಕ ಕುರಕುಂಭದಲ್ಲಿ ಇರುವವಳು, ಅವಳ ಗಂಡನಿಗೆ ಅಲ್ಲಿನ ಕೆಮಿಕಲ್ ಕಂಪನಿಯಲ್ಲಿ ಕೆಲಸ. ಅವಳು ಜೋಳದ ಹಿಟ್ಟಿನ ಚೀಲ, ರೊಟ್ಟಿ ಬಡಿಯುವ ತನ್ನದೇ ಕೊಣಮಿಗೆ, ತನ್ನದೇ ಹಂಚು ಎಲ್ಲ ಹೊತ್ತುಕೊಂಡು ಬಂದಳು. ನನ್ನ ಅಡುಗೆಮನೆಯ ಬಗ್ಗೆ ಅವಳಿಗಿರುವ ಅಭಿಪ್ರಾಯ ಬಾಯಿಬಿಟ್ಟು ಹೇಳುವ ಅಗತ್ಯವೇ ಬೀಳಲಿಲ್ಲ.

ಅಕ್ಕನ ಮದುವೆಯಾದ ಮೇಲೆ ನಾವು ಮೂವರು ಒಂದೇ ಸೂರಿನ ಕೆಳಗೆ ಮಲಗಿದ್ದು ಇದೇ ಮೊದಲು. ಹಬ್ಬಕ್ಕೆ ಬರುತ್ತಿದ್ದರು, ಉಂಡು ಸಂಜೆಗೆ ಹೋಗುತ್ತಿದ್ದರು. ಹಾಗೆ ಬಂದು ಹೋಗುವವರು ಒಳ್ಳೆಯವರಾಗಿಯೇ ಕಾಣುತ್ತಾರೆ. ಈಗ ಶುರುವಿನಲ್ಲಿ ಒಬ್ಬರಿಗೊಬ್ಬರು ಬೀಗರ ಹಾಗೆ ನಡೆದುಕೊಂಡೆವು. ನೀ ಮೊದಲು ಸ್ನಾನ ಮಾಡು, ಇಲ್ಲ ನೀ ಮಾಡು ಎಂದೆವು. ಆ ಮರ್ಯಾದೆ ಬಹಳ ದಿನ ಬಾಳಲಿಲ್ಲ. ಅಣ್ಣ ಹಗಲೆಲ್ಲ ಗೊರಕೆ ಹೊಡೆದು ಸಂಜೆ ಎದ್ದು ಚುರುಕಾಗುತ್ತಿದ್ದ. ರಾತ್ರಿಪಾಳಿ ಮಾಡಿ ಮಾಡಿ ಅವನ ಮೈಗೆ ಹಗಲು ಯಾವುದು, ರಾತ್ರಿ ಯಾವುದು ಎಂಬ ಲೆಕ್ಕ ತಪ್ಪಿತ್ತು. ನಾನು ತೊಳೆದಿಟ್ಟ ಪಾತ್ರೆಗಳನ್ನು ಅಕ್ಕ ಮತ್ತೆ ತೊಳೆಯುತ್ತಿದ್ದಳು, ಅದೂ ನನ್ನ ಎದುರಿಗೇ. ನಾನು ಎಲ್ಲರಿಗೂ ನೆಲದ ಮೇಲೆ ನೀರು ಚೆಲ್ಲಬೇಡಿ ಎನ್ನುತ್ತ ಒರೆಸುವ ಬಟ್ಟೆ ಹಿಡಿದು ಹಿಂದೆ ಹಿಂದೆ ಓಡಾಡುತ್ತಿದ್ದೆ. ಅವರಿಗೆ ನಾನು ಹೇಗೆ ಕಂಡಿರಬಹುದು ಎಂದು ಈಗ ನಗು ಬರುತ್ತದೆ.

ಅವ್ವನ ಕೆಲಸ ಮಾತ್ರ ತಾನಾಗಿಯೇ ಹಂಚಿಕೆಯಾಯಿತು. ಮೈ ಒರೆಸುವುದು, ಬಟ್ಟೆ ಬದಲಿಸುವುದು ಅಕ್ಕ. ಗಂಜಿ ಕುಡಿಸುವುದು, ಔಷಧ ನಾನು. ಎತ್ತುವುದು, ಕೂರಿಸುವುದು ಅಣ್ಣ. ಒಂದು ಮಧ್ಯಾಹ್ನ ಅವನು ಅವಳ ಕಾಲಿನ ಉಗುರು ತೆಗೆಯುತ್ತಿದ್ದ. ಸಿಮೆಂಟು ತಿಂದು ತಿಂದು ಆ ಉಗುರುಗಳು ಕಲ್ಲಾಗಿದ್ದವು, ಉಗುರು ಕತ್ತರಿ ಸೋತಿತು. ಕೊನೆಗೆ ಅವನು ತನ್ನ ಚೀಲದಿಂದ ಕಾರ್ಖಾನೆಯ ಸಣ್ಣ ಅರ ತೆಗೆದು, ಬಿಡಿಭಾಗ ತಿಕ್ಕುವ ಹಾಗೆ ಮೆಲ್ಲಗೆ ತಿಕ್ಕಿ ನಯ ಮಾಡಿದ. ಅವ್ವ ಕಚಗುಳಿಯಾಗಿ ನಗುತ್ತಿದ್ದಳು. ಅವಳ ನಗು ಕೇಳಿದ್ದು ಅದೇ ಕಡೆಯ ಸಲ ಇರಬೇಕು.

ತಪ್ಪಾದದ್ದು ಒಂದು ಮುಂಜಾನೆ. ಅಕ್ಕ ಮೈ ಒರೆಸಲು ಹೋದಾಗ ಅವ್ವ ಕಣ್ಣು ಬಿಡಲಿಲ್ಲ. ಉಸಿರು ಒಮ್ಮೆ ನಿಲ್ಲುತ್ತಿತ್ತು, ಒಮ್ಮೆ ಗೊರಗೊರ ಎನ್ನುತ್ತಿತ್ತು. ಅಕ್ಕ ನಮ್ಮನ್ನು ಕೂಗಿದಳು.

"ಟೈಮ್ ಆತು. ಕೆಳಗ ಇಳಸೋಣು."

"ಸ್ವಲ್ಪ ತಡೀ, ನೋಡೋಣು," ಎಂದೆ.

"ಅಪ್ಪಂದು ನೋಡಿದ್ದು ಸಾಲ್ಲಿಲ್ಲೇನ?" ಎಂದಳು.

ಅಣ್ಣ ಎತ್ತಿದ, ನಾವು ಕಾಲು ಹಿಡಿದೆವು. ಹಾಲಿನ ನಡುವೆ, ನನ್ನ ಹೊಳೆಯುವ ನೆಲದ ಮೇಲೆ ಕೌದಿ ಹಾಸಿ ಮಲಗಿಸಿದೆವು. ಬಾಯಿಗೆ ನೀರು ಬಿಟ್ಟೆವು. ಅಕ್ಕ ದೀಪ ಹಚ್ಚಿದಳು. ಅಣ್ಣ ಊರಿಗೆ, ಸೋದರಮಾವನಿಗೆ ಫೋನು ಮಾಡಿ ನಡೀತು ಎಂದ. ನಡೀತು ಎಂದರೆ ಅಲ್ಲಿಯವರು ಸತ್ತಳು ಎಂದೇ ತಿಳಿದುಕೊಂಡರು. ಅರ್ಧ ತಾಸಿನಲ್ಲಿ ಕ್ರೂಸರ್ ಗಾಡಿ ಮಾಡಿಕೊಂಡು ಹೊರಟೂ ಬಿಟ್ಟರು.

ಬಿಸಿಲು ಏರಿದ ಮೇಲೆ ಅವ್ವ ಕಣ್ಣು ಬಿಟ್ಟಳು. ಮೊದಲು ಫ್ಯಾನು ನೋಡಿದಳು, ಆಮೇಲೆ ದೀಪ ನೋಡಿದಳು, ಆಮೇಲೆ ನಮ್ಮನ್ನು.

"ಚಾ ಮಾಡ್ರಿ," ಎಂದಳು.

ಅಕ್ಕ ದೀಪ ಆರಿಸುವುದೋ ಬಿಡುವುದೋ ತಿಳಿಯದೆ ಅದನ್ನು ಸೆರಗಿನ ಹಿಂದೆ ಮರೆಮಾಡಿಕೊಂಡಳು. ಅಣ್ಣ ಬಾಲ್ಕನಿಗೆ ಓಡಿ ಮಾವನಿಗೆ ಫೋನು ಮಾಡಿದ. ಅವರು ಆಗಲೇ ಸೊಲ್ಲಾಪುರ ದಾಟಿದ್ದರು. ವಾಪಸ್ ಹೋಗಿ ಎನ್ನಲು ಬಾಯಿ ಬರದೆ ಇವನು ನಿಧಾನ ಬರ್ರಿ, ಅವಸರ ಇಲ್ಲ ಎಂದ. ನಾನು ಚಹಾ ಮಾಡಿ ತಂದು ಕುಡಿಸಿದೆ. ಎರಡು ಗುಟುಕು ಕುಡಿದು ಅವಳು ಅಂಗೈಯಿಂದ ಪಕ್ಕದ ಟೈಲ್ಸ್ ಸವರಿ ನೋಡಿದಳು.

"ನನಗ್ಯಾಕ ಇಲ್ಲಿ ಹಾಕೀರಿ?"

"ನಿನಗ ಭಾಳ ತ್ರಾಸ ಆಗಿತ್ತು ಯವ್ವಾ. ಅದಕ್ಕ ನೆಲಕ್ಕ ಇಳಸೀವಿ," ಎಂದಳು ಅಕ್ಕ.

"ಇದು ನೆಲ ಏನು?"

"ಮತ್ತೇನದ?"

"ಸ್ಲ್ಯಾಬ್ ಅದ. ಮಂದಿ ಮಾಳಗಿ. ಕೆಳಗ ಆ ಹೆಣ್ಮಗಳು ಅಡಗಿ ಮಾಡ್ಲಿಕತ್ತಾಳ. ಆಕಿ ತಲಿ ಮ್ಯಾಲ ನಾ ಸಾಯ್ಲೇನು?"

ನಾವು ಮೂವರೂ ಆಗ ಮೊದಲ ಸಲ ಆ ನೆಲದ ಕೆಳಗೆ ಏನಿದೆ ಎಂದು ಯೋಚಿಸಿದೆವು. ಎರಡನೇ ಮಹಡಿಯಲ್ಲಿ ಒಬ್ಬ ಮರಾಠಿ ಹೆಂಗಸು ಇದ್ದಾರೆ, ನಾವು ಕಾಕು ಎನ್ನುತ್ತೇವೆ; ನಮ್ಮ ನೆಲವೇ ಅವರ ಮನೆಯ ಮಾಳಗಿ, ಚಾವಣಿ. ಗಂಡ ಇಲ್ಲ, ಒಬ್ಬರೇ. ಅವ್ವ ಓಡಾಡುತ್ತಿದ್ದಾಗ ಅವಳ ಮುರುಕು ಮರಾಠಿಗೂ ಅವರ ಶುದ್ಧ ಮರಾಠಿಗೂ ಚೆನ್ನಾಗಿ ಹೊಂದಿಕೆಯಾಗಿತ್ತು. ಅವರ ಕುಕ್ಕರಿನ ಸೀಟಿ ನಮ್ಮ ಹಾಲಿಗೆ ಕೇಳುತ್ತದೆ. ಆ ಹೊತ್ತಿಗೂ ಕೇಳುತ್ತಿತ್ತು.

ನನಗೆ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚಾಗಿ ಅವಮಾನವಾಯಿತು. ಹುಟ್ಟಿದಾಗಿನಿಂದ ಶೆಡ್ಡಿನಿಂದ ಶೆಡ್ಡಿಗೆ ತಿರುಗಿ, ಕಡೆಗೆ ನಾನು ಒಂದು ಮನೆ ಮಾಡಿದೆ, ಅದಕ್ಕೊಂದು ನೆಲ ಮಾಡಿದೆ. ಅದು ನೆಲವೇ ಅಲ್ಲ ಎಂದು ಇವಳು ಒಂದೇ ಮಾತಿನಲ್ಲಿ ತಳ್ಳಿಹಾಕಿದಳು. ಇಷ್ಟು ವರ್ಷ ಈ ಮನೆಯಲ್ಲಿ ಊರಿಗೆ ಬಂದ ನೆಂಟರ ಹಾಗೆ ಇದ್ದಳೇ? ನಾನು ಲೋಟ ತೆಗೆದುಕೊಂಡು ಅಡುಗೆಮನೆಗೆ ಹೋಗಿ ಜೋರಾಗಿ ತೊಳೆದೆ. ಅಣ್ಣ ಅವ್ವನನ್ನು ಮತ್ತೆ ಮಂಚದ ಮೇಲೆ ಮಲಗಿಸಿದ.

ಸಂಜೆಗೆ ಕ್ರೂಸರ್ ಬಂತು. ಅಳುವುದಕ್ಕೆ ತಯಾರಾಗಿ ಮೆಟ್ಟಿಲು ಹತ್ತಿಬಂದ ಹೆಂಗಸರು ಬಾಗಿಲಲ್ಲಿ ಅವ್ವನ ಕಣ್ಣು ತೆರೆದಿರುವುದನ್ನು ನೋಡಿ ತಬ್ಬಿಬ್ಬಾದರು. ಒಬ್ಬಳು ಶುರು ಮಾಡಿದ್ದ ಅಳುವನ್ನು ಕೆಮ್ಮಾಗಿ ತಿರುಗಿಸಿದಳು. ಅವ್ವ ಎಲ್ಲರನ್ನೂ ಬರ್ರಿ, ಕೂಡ್ರಿ ಎಂದು ಕರೆದಳು. ಅಕ್ಕ ಅಷ್ಟೂ ಮಂದಿಗೆ ರೊಟ್ಟಿ ಬಡಿದಳು, ಪುಂಡಿಪಲ್ಲೆ ಮಾಡಿದಳು. ಉಂಡ ಮೇಲೆ ಸೋದರಮಾವ ಅವ್ವನ ಹತ್ತಿರ ಕೂತ. ಅವಳಿಗಿಂತ ಚಿಕ್ಕವನು, ಊರಿನ ಹೊಲ ನೋಡಿಕೊಂಡಿರುವವನು. ನಾವು ಅವನಿಗೆ ಮಂದಿ ಮಾಳಗಿಯ ಸಂಗತಿ ಹೇಳಿದ್ದೆವು.

"ಅಕ್ಕಾ, ಊರಿಗಿ ನಡಿ. ಗಾಡಿ ಹ್ಯಾಂಗೂ ಅದ."

"ಊರಾಗ ಯಾನದ? ಮಕ್ಕಳು ಇಲ್ಲೇ ಅದಾರ."

"ಮತ್ತ ಇಲ್ಲಿ ನೆಲ ಇಲ್ಲ ಅಂತೀ."

"ಇಲ್ಲ. ಖರೇನೇ ಇಲ್ಲ," ಎಂದು ಅವ್ವ ಕಣ್ಣು ಮುಚ್ಚಿದಳು.

ಮಾವ ಹೋಗುವಾಗ ಬಾಗಿಲಲ್ಲಿ ನಿಂತು, ಹೊಲದ ಕರಿ ಎರಿ ಮಣ್ಣು ಒಂದು ಚೀಲ ಕಳಿಸುತ್ತೇನೆ, ಅದನ್ನು ಹಾಸಿ ಅದರ ಮೇಲೆ ಮಲಗಿಸಿ, ಸಮಾಧಾನವಾಗುತ್ತದೆ ಎಂದ. ಅವ್ವನ ಕಿವಿಗೆ ಬೀಳುವಷ್ಟು ಗಟ್ಟಿಯಾಗಿಯೇ ಹೇಳಿದ.

ಅವರೆಲ್ಲ ಹೋದ ಮೇಲೆ ನಾವು ಮೂವರು ಜಗಳಕ್ಕೆ ಕೂತೆವು. ಜಗಳವನ್ನು ನಾವು ಮರಾಠಿಯಲ್ಲಿ ಆಡುತ್ತೇವೆ. ಶಾಲೆಯಲ್ಲಿ ಕಲಿತ ಜಗಳ ಅದು, ಅವ್ವನಿಗೆ ಪೂರಾ ತಿಳಿಯುವುದಿಲ್ಲ ಎಂಬ ಅನುಕೂಲವೂ ಇತ್ತು. ಅಕ್ಕ ಕುರಕುಂಭಕ್ಕೆ ಕರೆದೊಯ್ಯುತ್ತೇನೆ, ನಮ್ಮದು ನೆಲಕ್ಕೆ ಹತ್ತಿದ ಮನೆ ಎಂದಳು. ಆ ಕೆಮಿಕಲ್ ವಾಸನೆಯಲ್ಲಿ ಅವ್ವ ಯಾವತ್ತೂ ಒಂದು ಹೊತ್ತಿಗಿಂತ ಹೆಚ್ಚು ಕೂತವಳಲ್ಲ, ಸಾಯುವುದಕ್ಕೆ ಅಲ್ಲಿಗೆ ಹೋಗಬೇಕೇ ಎಂದು ನಾನು ಕೇಳಿದೆ. ಹಾಗಾದರೆ ನಿನ್ನ ಟೈಲ್ಸ್ ಮೇಲೆಯೇ ಸಾಯಲಿ ಎಂದು ಅವಳು ಅಂದಳು. ಅಣ್ಣ ಅಪಾರ್ಟ್‌ಮೆಂಟಿನ ಕೆಳಗಿನ ಪಾರ್ಕಿಂಗ್ ಜಾಗ ಕೇಳೋಣ ಎಂದ. ಕೇಳಿದೆವು ಕೂಡ. ಸೊಸೈಟಿಯ ಸೆಕ್ರೆಟರಿ ಸಭ್ಯ ಮನುಷ್ಯ, ಕೈಮುಗಿದು, ಮಕ್ಕಳು ಆಡುವ ಜಾಗ, ಹೆದರಿಕೊಳ್ಳುತ್ತವೆ ಎಂದರು. ಅವರು ಒಪ್ಪಿದ್ದರೂ ಅವ್ವನನ್ನು ಸ್ಕೂಟರುಗಳ ನಡುವೆ ಮಲಗಿಸಲು ನಮ್ಮಿಂದ ಆಗುತ್ತಿರಲಿಲ್ಲ. ಅಣ್ಣನ ಮುಖ ನೋಡಿದರೆ ಅದು ತಿಳಿಯುತ್ತಿತ್ತು.

ನಾನು ಕಾಕುವಿನ ಹತ್ತಿರ ಹೋದೆ. ಯಾಕೆ ಹೋದೆ ಎಂದರೆ, ಮಾಳಗಿ ಅವರದು ತಾನೇ, ಅವರೇ ಒಪ್ಪಿದರೆ ಅವ್ವನಿಗೆ ಇನ್ನೇನು ತಕರಾರು ಇರುತ್ತದೆ ಎಂಬ ವಾದ ನನ್ನದು. ಅಂಗಡಿಯಲ್ಲಿ ಗಿರಾಕಿಗಳ ತಕರಾರು ಒಂದೊಂದಾಗಿ ಬಿಡಿಸಿ ರೂಢಿ. ಕಾಕು ಅವರೆಕಾಯಿ ಬಿಡಿಸುತ್ತ ಕೂತಿದ್ದರು. ಅವ್ವ ಹೇಳಿದ್ದನ್ನು ಹಾಗೆಯೇ ಹೇಳಿದೆ. ಅವರು ತಲೆ ಎತ್ತಿ ತಮ್ಮ ಮಾಡು ನೋಡಿದರು, ಅದರ ಮೇಲೆ ಅವ್ವ ಕಾಣುತ್ತಾಳೇನೋ ಎನ್ನುವ ಹಾಗೆ.

"ಅಗಂ, ರಾಹೂ ದೇ," ಎಂದರು. ಇರಲಿ ಬಿಡೇ ಎಂದು. ತಮ್ಮ ಅತ್ತೆ ಈ ಮನೆಯಲ್ಲೇ ಹೋದದ್ದು, ತಮಗೆ ಅಂಥದ್ದೆಲ್ಲ ಏನೂ ಇಲ್ಲ ಎಂದರು.

ಗೆದ್ದವಳ ಹಾಗೆ ಮೇಲೆ ಬಂದು ಅವ್ವನಿಗೆ ಹೇಳಿದೆ.

"ಭಾಳ ಚಲೋ ಹೆಣ್ಮಗಳು ಆಕಿ," ಎಂದಳು ಅವ್ವ.

"ಹಂಗಾರ ಆತಲ್ಲ?"

"ಅದಕ್ಕ ಬ್ಯಾಡ ಅನ್ಲಿಕತ್ತೀನಿ."

ಆಮೇಲೆ ನಾನು ವಾದ ಮಾಡಲಿಲ್ಲ. ಆದರೆ ಅವತ್ತಿನಿಂದ ನನಗೆ ಭಯ ಹತ್ತಿತು. ಕೊಟ್ಟ ಮಾತು ಉಳಿಸಿಕೊಳ್ಳಲು ನಮ್ಮಿಂದ ಆಗುವುದಿಲ್ಲ, ಇವಳೂ ಅಪ್ಪನ ಹಾಗೆ ನೆಲ ಸಿಗದೆ ಅಂತರದಲ್ಲೇ ಹೋಗುತ್ತಾಳೆ, ಆಮೇಲೆ ನಾನು ಇದೇ ಮನೆಯಲ್ಲಿ ಒಬ್ಬಳೇ ಇರಬೇಕು ಎನ್ನುವ ಭಯ.

ಮಾವನ ಮಣ್ಣಿನ ದಾರಿ ಕಾಯುವುದೊಂದೇ ಉಳಿಯಿತು. ಅಣ್ಣ ದಿನಾ ಫೋನು ಮಾಡುತ್ತಿದ್ದ. ಅಮಾವಾಸ್ಯೆ ಕಳೆಯಲಿ, ಅದಕ್ಕೂ ಮೊದಲು ಹೊಲದ ಮಣ್ಣು ಹೊರಗೆ ಹಾಕಬಾರದು ಎಂದು ಮಾವ ಹೇಳಿದ. ರೂಢಿಗೆ ರೂಢಿ ಅಡ್ಡ ಬಂದರೆ ಯಾರಿಗೆ ಏನು ಮಾಡಲು ಬರುತ್ತದೆ? ಅವ್ವ ಮಾತು ಕಡಿಮೆ ಮಾಡಿದಳು. ಗಂಜಿ ಬೇಡ ಎಂದಳು, ನೀರೂ ಚಮಚದಲ್ಲಿ. ನಾವು ಮತ್ತೆ ಇಳಿಸಿಬಿಡುತ್ತೇವೆ ಎನ್ನುವ ಹಾಗೆ ಮಂಚದ ಪಟ್ಟಿಯನ್ನು ಮಾತ್ರ ಒಂದು ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡೇ ಇರುತ್ತಿದ್ದಳು. ಅಕ್ಕ ಬೆರಳು ಬಿಡಿಸಿದರೆ ಮತ್ತೆ ಹಿಡಿಯುತ್ತಿದ್ದಳು.

ಅಮಾವಾಸ್ಯೆ ಇನ್ನೂ ಬಂದಿರಲಿಲ್ಲ. ಮಧ್ಯಾಹ್ನದ ಊಟ ಮುಗಿದಿತ್ತು. ಅವ್ವನ ಉಸಿರು ಮತ್ತೆ ಅವತ್ತಿನ ಹಾಗೆ ಆಯಿತು. ಅಕ್ಕ ಈ ಸಲ ಏನೂ ಹೇಳಲಿಲ್ಲ. ಒಮ್ಮೆ ತಪ್ಪಿದವರಿಗೆ ಎರಡನೇ ಸಲ ಕೈ ಬರುವುದಿಲ್ಲ. ಮತ್ತೆ ಅವಸರವಾದರೆ ಎಂದು ಒಬ್ಬರ ಮುಖ ಒಬ್ಬರು ನೋಡುತ್ತ ನಿಂತೆವು. ಅಣ್ಣ ಒಮ್ಮೆಲೇ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಇಂಥ ಹೊತ್ತಿನಲ್ಲಿ ಓಡಿಹೋದನಲ್ಲ ಎಂದು ನನಗೆ ಕೆಟ್ಟ ಸಿಟ್ಟು ಬಂತು.

ಅವನು ವಾಪಸ್ ಬಂದಾಗ ಎರಡೂ ಹೆಗಲ ಮೇಲೆ ಸಿಮೆಂಟಿನ ಖಾಲಿ ಚೀಲಗಳಲ್ಲಿ ತುಂಬಿದ ಮಣ್ಣು. ಹಿಂದಿನ ಓಣಿಯಲ್ಲಿ ಒಂದು ಹಳೆಯ ಬಂಗಲೆ ಕೆಡವಿ ಹೊಸ ಕಟ್ಟಡಕ್ಕೆ ಪಾಯ ತೋಡುತ್ತಿದ್ದರು. ಅಲ್ಲಿ ಕೆಲಸ ಮಾಡುವವರು ನಮ್ಮ ಕಡೆಯವರೇ. ಕೇಳಿದ ಕೂಡಲೇ ತುಂಬಿ ಕೊಟ್ಟರಂತೆ, ಯಾಕೆ ಎಂದು ಕೂಡ ಕೇಳಲಿಲ್ಲವಂತೆ. ನಮ್ಮ ಕಡೆ ಗರಸು ಎನ್ನುತ್ತೇವಲ್ಲ, ಇಲ್ಲಿ ಮುರುಮ್ ಎನ್ನುತ್ತಾರೆ, ಕೆಂಪು ಕಂದು ಬಣ್ಣದ ಹರಳು ಹರಳಾದ ಮಣ್ಣು, ಅದು.

"ಎಲ್ಲಿ ಹಾಕ್ಲಿ?" ಎಂದು ನನ್ನನ್ನು ಕೇಳಿದ.

ಮನೆ ನನ್ನದು ಎಂದು ಕೇಳಿದ. ಒಂದು ಗಳಿಗೆ ನನ್ನ ಕಣ್ಣು ಟೈಲ್ಸ್ ಕಡೆ ಹೋದದ್ದು ನಿಜ. ಆಮೇಲೆ ನಾನೇ ಚೀಲದ ಬಾಯಿ ಬಿಚ್ಚಿ ಹಾಲಿನ ನಡುವೆ ಸುರಿದೆ. ಮೂವರೂ ಮೊಣಕಾಲೂರಿ ಕೈಯಿಂದ ಹರಡಿದೆವು. ಅಕ್ಕ ಹರಳುಗಳನ್ನು ಆರಿಸಿ ತೆಗೆಯುತ್ತಿದ್ದಳು, ಅವ್ವನ ಬೆನ್ನಿಗೆ ಚುಚ್ಚಬಾರದೆಂದು. ಚಿಕ್ಕವರಿದ್ದಾಗ ಕಟ್ಟಡದ ಮುಂದೆ ಹೀಗೇ ಮಣ್ಣಾಡುತ್ತಿದ್ದೆವು, ಅದು ಮೂವರಿಗೂ ನೆನಪಾಗಿರಬೇಕು. ಮೇಲೆ ತೆಳ್ಳಗಿನ ಸೀರೆಯೊಂದನ್ನು ಹಾಸಿ ಅವಳನ್ನು ಇಳಿಸಿದೆವು.

ಸ್ವಲ್ಪ ಹೊತ್ತಿಗೆ ಅವಳ ಬಲಗೈ ಸೀರೆಯ ಅಂಚಿನಿಂದ ಹೊರಗೆ ಬಂದು ಮಣ್ಣು ಮುಟ್ಟಿತು. ಕಣ್ಣು ಅರ್ಧ ತೆರೆದಳು.

"ಊರಿಂದ ಬಂತು ಯವ್ವಾ. ಮಾವ ಕಳಿಸ್ಯಾನ," ಎಂದ ಅಣ್ಣ.

ಅವಳು ಚಿಟಿಕೆ ಮಣ್ಣನ್ನು ಬೆರಳ ನಡುವೆ ತಿಕ್ಕಿದಳು.

"ಸುಳ್ಳ ಹೇಳಬ್ಯಾಡ. ಇದು ಮುರುಮ್ ಅದ."

ಅಣ್ಣ ತಲೆ ತಗ್ಗಿಸಿದ. ಅಷ್ಟು ದೊಡ್ಡ ಗಂಡಸು, ಕೂದಲು ಬೆಳ್ಳಗಾದವನು, ಶಾಲೆ ತಪ್ಪಿಸಿ ಸಿಕ್ಕಿಬಿದ್ದ ಹುಡುಗನ ಹಾಗೆ ಕೂತ.

"ಎಲ್ಲಿದು?"

"ಇಲ್ಲೇ ಹಿಂದಿನ ಓಣಿಂದು. ಪಾಯ ತೋಡ್ಲಿಕತ್ತಾರ."

ಅವ್ವ ಬೆರಳ ಮಣ್ಣನ್ನು ಅಂಗೈಗೆ ಉದುರಿಸಿಕೊಂಡಳು. ಆಮೇಲೆ ಒಂದೊಂದೇ ಮಾತು ಹೊರಗೆ ಬಂತು.

"ಇರ್ಲಿ. ಎರಿ ಮಣ್ಣು ನಮ್ಮಪ್ಪಂದು. ಇದನ್ನ ನಾ ಹೊತ್ತೀನಿ."

ಬಾಗಿಲು ತೆರೆದೇ ಇತ್ತು. ಕಾಕು ಒಳಗೆ ಬಂದರು. ಅಣ್ಣ ಚೀಲ ಹೊತ್ತು ಮೆಟ್ಟಿಲು ಹತ್ತುವುದನ್ನು ನೋಡಿದ್ದರಂತೆ. ಅವರು ಅವ್ವನ ತಲೆಯ ಹತ್ತಿರ ಬರಿ ನೆಲದ ಮೇಲೆ ಕಾಲು ಮಡಚಿ ಕೂತರು. ಅವರ ಸೊಂಟದಲ್ಲಿ ಮನೆಯ ಬೀಗದ ಕೈ ಸಿಕ್ಕಿಸಿಕೊಂಡದ್ದು ಕಾಣುತ್ತಿತ್ತು. ಅವ್ವನ ಕಣ್ಣು ಅವರ ಮೇಲೆ ನಿಂತಿತು.

"ಗ್ಯಾಸ್ ಆರಿಸಿ ಬಂದಿದ್ದೇನೆ. ನನ್ನ ಮನೆಗೆ ಬೀಗ ಹಾಕಿದೆ," ಎಂದರು ಕಾಕು ಮರಾಠಿಯಲ್ಲಿ.

ನಾನು ಅದನ್ನು ಕನ್ನಡದಲ್ಲಿ ಹೇಳಲು ಬಾಯಿ ತೆರೆದೆ. ಅವ್ವ ಬೇಡ ಎನ್ನುವ ಹಾಗೆ ಕೈ ಆಡಿಸಿದಳು. ಅವಳಿಗೆ ತಿಳಿದಿತ್ತು.

"ಹಂಗಾರ ಕೆಳಗ ಯಾರೂ ಇಲ್ಲ," ಎಂದಳು.

ಅದೇ ಕಡೆಯ ಮಾತು. ಆಮೇಲೆ ಅವಳ ಕೈ ಮಾತ್ರ ಆಡುತ್ತಿತ್ತು. ಅಂಗೈಯಿಂದ ಮಣ್ಣನ್ನು ಅತ್ತ ಇತ್ತ ಸಮ ಮಾಡುತ್ತಿದ್ದಳು, ಒಲೆಯ ಮುಂದಿನ ಜಾಗ ಸಾರಿಸುವ ಹೆಂಗಸಿನ ಹಾಗೆ. ಅಣ್ಣ ಕಾಲಿನ ಹತ್ತಿರ, ಅಕ್ಕ ಎಡಕ್ಕೆ, ನಾನು ಬಲಕ್ಕೆ ಕೂತಿದ್ದೆವು. ಈ ಸಲ ಯಾರೂ ಚಹಾಕ್ಕೆ ಹೋಗಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಕೈ ನಿಂತಿತು. ಅಕ್ಕ ನನ್ನ ಹೆಗಲ ಮೇಲೆ ತಲೆ ಇಟ್ಟು ಅತ್ತಳು, ನಾನೂ ಅತ್ತೆ. ಅಳುವಾಗ ನನಗೆ ದುಃಖಕ್ಕಿಂತ ಹೆಚ್ಚಾಗಿ ಬಿಡುಗಡೆ ಅನ್ನಿಸಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಮರುದಿನ ಅವಳನ್ನು ಪುಣೆಯಲ್ಲೇ ಮಣ್ಣು ಮಾಡಿದೆವು. ಮಾವ ಮತ್ತೆ ಕ್ರೂಸರ್ ಮಾಡಿಕೊಂಡು ಬಂದ. ಈ ಸಲ ಅಣ್ಣ ಫೋನಿನಲ್ಲಿ ಸ್ಪಷ್ಟವಾಗಿ ಹೇಳಿದ್ದರಿಂದ ಅಮಾವಾಸ್ಯೆ ನೋಡದೆ ಎರಿ ಮಣ್ಣಿನ ಚೀಲವನ್ನೂ ಗಾಡಿಗೆ ಹಾಕಿಕೊಂಡು ಬಂದಿದ್ದ. ಅದನ್ನು ಕುಣಿಯೊಳಗೆ ಹಾಕಿದೆವು, ಅವಳ ಅಪ್ಪನ ಮಣ್ಣು ಅವಳ ಮೇಲೆಯೇ ಬಿತ್ತು. ಮನೆಯ ಮುರುಮ್ ಏನು ಮಾಡುವುದು ಎಂದು ತಿಳಿಯಲಿಲ್ಲ. ಕಸದ ಗಾಡಿಗೆ ಹಾಕಲು ಯಾರಿಗೂ ಕೈ ಬರಲಿಲ್ಲ. ಕೊನೆಗೆ ಅಣ್ಣ ಅದೇ ಚೀಲಗಳಲ್ಲಿ ತುಂಬಿಕೊಂಡು ಹಿಂದಿನ ಓಣಿಗೆ ಹೋಗಿ ಸುರಿದು ಬಂದ. ಪಾಯ ತುಂಬಲು ಬೇಕೇ ಬೇಕಂತೆ.

ಕಾರ್ಯಗಳು ಮುಗಿದ ಮೇಲೆ ಅಣ್ಣ ಚಾಕಣಕ್ಕೆ ಹೋದ, ಅಕ್ಕ ಕುರಕುಂಭಕ್ಕೆ. ಅಕ್ಕ ಹಂಚು, ಕೊಣಮಿಗೆ ಇಲ್ಲೇ ಬಿಟ್ಟು ಹೋಗಿದ್ದಾಳೆ, ಮತ್ತೆ ಬರುತ್ತೇನೆ ಎನ್ನುವುದಕ್ಕೆ ಅವಳ ಭಾಷೆ ಅದು. ಅವರು ಹೋದ ದಿನ ನಾನು ನೆಲ ಒರೆಸಿದೆ. ಬಾಲ್ಕನಿಯ ಬೆಳಕು ಓರೆಯಾಗಿ ಬಿದ್ದಾಗ ಕಂಡಿತು. ಅವ್ವನ ಬಲಗೈ ಇದ್ದ ಜಾಗದ ಟೈಲ್ ಮೇಲೆ, ಅರ್ಧಚಂದ್ರದ ಆಕಾರದಲ್ಲಿ, ಸಣ್ಣ ಸಣ್ಣ ಗೀರುಗಳು. ಅಕ್ಕ ಆರಿಸಿದರೂ ಉಳಿದ ಮುರುಮ್ ಹರಳು ಅವಳ ಅಂಗೈ ಕೆಳಗೆ ಆಡಿ ಆಡಿ ಬಿದ್ದ ಗೀರುಗಳವು. ಒರೆಸಿದೆ, ತಿಕ್ಕಿದೆ, ಹೋಗಲಿಲ್ಲ. ಅಂಗಡಿಯ ಮಾಲೀಕರು ಅದ್ಯಾವ ದೊಡ್ಡ ಮಾತು, ಒಂದೇ ಟೈಲ್, ಬದಲಿಸಿಕೊಡುತ್ತೇನೆ ಎಂದರು. ಬೇಡ ಎಂದೆ.

ಅಂಗಡಿಯಲ್ಲಿ ಈಗಲೂ ಅದೇ ಕೆಲಸ. ಮೊನ್ನೆ ಒಬ್ಬ ಹೆಂಗಸು ಅದೇ ಬೂದು ಬಣ್ಣದ ಟೈಲ್ಸ್ ಮೇಲೆ ಉಗುರಿನಿಂದ ಕೆರೆದು ನೋಡಿ, ಗೀರು ಬೀಳುತ್ತದೆಯೇ ಎಂದು ಕೇಳಿದಳು. ಕಣ್ಣುಮುಚ್ಚಿ ಇಲ್ಲ ಎನ್ನಬೇಕಾದ ಪ್ರಶ್ನೆ ಅದು.

ಬೀಳುತ್ತದೆ, ನಮ್ಮ ಮನೆಯಲ್ಲಿ ನಮ್ಮವ್ವ ಬೀಳಿಸಿದ್ದಾಳೆ ಎಂದೆ.